ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಫೋನು

ಕೀಲಿ ಕಟ್ಟೆ, ಬೆಟಗೇರಿ
2126ನೇ ಇಸವಿ, ಫೆಬ್ರವರಿ 30

ತಲುಪಬೇಕಾದವರು: ನೀಲವ್ವ ಫಕ್ಕೀರಪ್ಪ ಹೂಗಾರ, ಬೆಟಗೇರಿ
ತಲುಪಬೇಕಾದ ದಿನ: 2026ನೇ ಇಸವಿ, ಜೂನ್ 11, ಗುರುವಾರ, ಮುಂಜಾನೆ

ಪೂಜ್ಯ ನೀಲವ್ವಾಯಿಯವರಿಗೆ ನಿಮ್ಮ ಮರಿಮೊಮ್ಮಗಳು ಇರುವಂತಿ ಮಾಡುವ ನಮಸ್ಕಾರಗಳು.

ಮೇಲಿನ ತಾರೀಕು ನೋಡಿ ಕೈತಪ್ಪಿನಿಂದ ಬರೆದಿದ್ದಾಳೆ ಅಂದುಕೊಳ್ಳಬೇಡಿ. ನಮ್ಮಲ್ಲಿ ಫೆಬ್ರವರಿಗೆ ಮೂವತ್ತು ದಿನ. ಜುಲೈ ಮತ್ತು ಆಗಸ್ಟ್ ತಿಂಗಳ ಬಿಸಿಲು ಯಾರಿಗೂ ಬೇಡವಾಗಿ, ಎರಡರಿಂದಲೂ ಒಂದೊಂದು ದಿನ ಕಿತ್ತು ಫೆಬ್ರವರಿಗೆ ಅಂಟಿಸಿದರು. ಬಿಸಿಲೇನೂ ಕಡಿಮೆಯಾಗಲಿಲ್ಲ, ಕ್ಯಾಲೆಂಡರ್ ಮಾತ್ರ ಬದಲಾಯಿತು. ಹಾಗೆಯೇ ನನ್ನ ಕನ್ನಡ ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಬೇಕು. ನೂರು ವರ್ಷ ಹಿಂದಿನವರಿಗೆ ಬರೆಯುವವರು ಅನುಸರಿಸಲೆಂದು ಕಚೇರಿಯವರು ಒಂದು ಕೈಪಿಡಿ ಕೊಟ್ಟಿದ್ದಾರೆ. ಅದರ ಪ್ರಕಾರ ನಿಮ್ಮ ಕಾಲದ ಹೆಂಗಸರು ಪತ್ರವನ್ನು 'ಇತ್ತ ಎಲ್ಲರೂ ಕ್ಷೇಮ' ಎಂದು ಆರಂಭಿಸುತ್ತಿದ್ದರು. ನೀವು ಪತ್ರವನ್ನೇ ಬರೆಯುತ್ತಿರಲಿಲ್ಲ, ಎಲ್ಲವನ್ನೂ ಫೋನಿನಲ್ಲೇ ಒದರಿ ಮುಗಿಸುತ್ತಿದ್ದಿರಿ ಎಂದು ಅಪ್ಪ ಹೇಳುತ್ತಾನೆ. ಆದ್ದರಿಂದ ಕೈಪಿಡಿಯನ್ನು ಬದಿಗಿಟ್ಟು ನನಗೆ ಬಂದ ಹಾಗೆ ಬರೆಯುತ್ತಿದ್ದೇನೆ.

ಅಪ್ಪ ಎಂದರೆ ಚನ್ನವೀರ. ನಿಮ್ಮ ಮಗಳು ಅನ್ನಪೂರ್ಣೆಯ ಮಗ, ನಿಮ್ಮ ಮೊಮ್ಮಗ. ನೀವು ಈ ಪತ್ರ ಓದುವ ಹೊತ್ತಿಗೆ ಅವನಿನ್ನೂ ಹುಟ್ಟಿಲ್ಲ. ನಾನು ಬರೆಯುವ ಹೊತ್ತಿಗೆ ಅವನಿಗೆ ತೊಂಬತ್ತೊಂದು. ಅವನು ನಿಮ್ಮನ್ನು ಆಯಿ ಎಂದು ಕರೆಯುತ್ತಾನಾದ್ದರಿಂದ ನಾನೂ ಹಾಗೆಯೇ ಕರೆಯುತ್ತೇನೆ. ಪತ್ರದ ವಿಷಯ ನಿಮ್ಮ ಫೋನು. ನೀಲಿ ಹಿಂಬದಿಯ, ಒಂದು ಮೂಲೆ ಒಡೆದ, ನೀವು ಇವತ್ತು ಸೆರಗಿನಲ್ಲಿ ಗಂಟು ಹಾಕಿಕೊಂಡು ಶಮಶಾದಳ ರಿಪೇರಿ ಅಂಗಡಿಗೆ ಒಯ್ದಿರುವ ಆ ಫೋನು ಈಗ ನನ್ನ ಮೇಜಿನ ಮೇಲಿದೆ.

ಸತ್ತವರ ಬೀಗವನ್ನು ಅವರ ಒಪ್ಪಿಗೆಯಿಲ್ಲದೆ ತೆಗೆಯಬಾರದೆಂದು ನಮ್ಮಲ್ಲಿ ಕಾನೂನಿದೆ. ಒಂದು ಕಾಲದಲ್ಲಿ ಜನ ಹಳೆಯ ಫೋನುಗಳನ್ನು ಬೇಕಾಬಿಟ್ಟಿ ತೆರೆದು ನೋಡಿ, ತೀರಿಹೋದವರ ಮೇಲೆ ಸಿಟ್ಟು ಮಾಡಿಕೊಂಡು, ಬದುಕಿದ್ದವರ ಮೇಲೆ ಅದನ್ನು ತೀರಿಸಿಕೊಂಡು, ಸಂಸಾರಗಳು ಮುರಿದುಬಿದ್ದವು. ಆಮೇಲೆ ಬಂದ ಏರ್ಪಾಡು ಇದು: ಬೀಗ ತೆಗೆಯುವ ಮೊದಲು ಒಡೆಯರಿಗೆ ಒಂದು ಒಪ್ಪಿಗೆ ಪತ್ರ ಬರೆಯಬೇಕು. ಅವರು ಬದುಕಿದ್ದಾಗಿನ ಯಾವ ದಿನಕ್ಕೆ ಅದು ತಲುಪಬೇಕೆಂದು ನಮೂದಿಸಬೇಕು. ಏನು ಮಾಡುತ್ತೇವೆ, ಯಾಕೆ ಮಾಡುತ್ತೇವೆ ಎಂದು ಮುಚ್ಚುಮರೆಯಿಲ್ಲದೆ ಹೇಳಬೇಕು. ಸಾಕ್ಷಿಗಳ ಎದುರು ಆ ಯಂತ್ರದ ಮುಂದೆ ಅದನ್ನು ಗಟ್ಟಿಯಾಗಿ ಓದಿ ಮೂರು ದಿನ ಕಾಯಬೇಕು. ಉತ್ತರ ಬರದಿದ್ದರೆ ಒಪ್ಪಿಗೆಯೆಂದು ಲೆಕ್ಕ. ಇದುವರೆಗೆ ಯಾರಿಗೂ ಉತ್ತರ ಬಂದಿಲ್ಲ. ಪತ್ರ ಬರೆಯುತ್ತ ಬರೆಯುತ್ತ ಬೀಗ ತೆಗೆಯುವುದೇ ಬೇಡ ಅಂದುಕೊಂಡು ಎದ್ದುಹೋದವರು ಮಾತ್ರ ನೂರಾರು ಜನ ಇದ್ದಾರೆ. ಕಾನೂನು ಮಾಡಿದವರಿಗೆ ಬೇಕಿದ್ದದ್ದೂ ಅದೇ ಇರಬೇಕು.

ಇದನ್ನೆಲ್ಲ ಇಷ್ಟು ನಿಖರವಾಗಿ ಹೇಳುತ್ತಿರುವುದಕ್ಕೆ ಕಾರಣ, ನಾನು ಇದೇ ಕಚೇರಿಯಲ್ಲಿ ಇಪ್ಪತ್ತೊಂಬತ್ತು ವರ್ಷದಿಂದ ಗುಮಾಸ್ತೆ. ಬಿಸಿಲಿನ ಕಾರಣ ಕಚೇರಿ ಮುಂಜಾನೆ ಐದಕ್ಕೆ ತೆರೆದು ಹತ್ತಕ್ಕೆ ಮುಚ್ಚುತ್ತದೆ, ಮತ್ತೆ ಸಂಜೆ ಐದಕ್ಕೆ ತೆರೆಯುತ್ತದೆ. ಜನ ಇದನ್ನು ಕೀಲಿ ಕಟ್ಟೆ ಎನ್ನುತ್ತಾರೆ. ನಿಮ್ಮ ಫೋನಿನ ಜಾಗದಲ್ಲಿ ನಮಗೆ ಕೈಹಲಗೆಗಳಿವೆ. ಹಲಗೆ ಕೊಂಡವರ ಕೈಗೆ ಅದರ ಮೊದಲ ಬೀಗದ ಕೀಲಿಯನ್ನೂ ಕೊಡಲೇಬೇಕು. ಮೂವತ್ತು ದಿನದೊಳಗೆ ಅವರು ಇಲ್ಲಿಗೆ ಬಂದು, ಆ ಕೀಲಿಯನ್ನು ತಾವೇ ಇಟ್ಟುಕೊಳ್ಳುತ್ತಾರೋ ಅಥವಾ ತಯಾರಿಸಿದವರಿಗೇ ಒಪ್ಪಿಸುತ್ತಾರೋ ಹೇಳಿ ಹೆಬ್ಬೆಟ್ಟು ಒತ್ತಬೇಕು. ಫೋನಿನ ಮೂಲ ಬೀಗ ತೆಗೆದು ಪೂರ್ತಿ ಹಿಡಿತ ತಾವೇ ಪಡೆಯುವುದಕ್ಕೆ ನಿಮ್ಮ ಕಾಲದಲ್ಲಿ ರೂಟ್ ಮಾಡುವುದು ಎನ್ನುತ್ತಿದ್ದರಲ್ಲ, ಅದು ನಮ್ಮಲ್ಲಿ ಹೀಗೆ ಸರಕಾರಿ ಕೆಲಸವಾಗಿ ಕೂತಿದೆ. ನಿಮ್ಮ ಕಾಲದವರು ಕದ್ದುಮುಚ್ಚಿ ಮಾಡುತ್ತಿದ್ದದ್ದನ್ನು ನಾವು ಸಾಲಿನಲ್ಲಿ ನಿಂತು ಮಾಡುತ್ತೇವೆ, ಅಷ್ಟೇ ಪ್ರಗತಿ.

ಕೀಲಿ ತಾವೇ ಇಟ್ಟುಕೊಂಡವರ ಪಾಡು ದಿನಾ ನೋಡುತ್ತೇನೆ. ಹೋದ ತಿಂಗಳು ಒಬ್ಬ ನಿವೃತ್ತ ಮೇಷ್ಟ್ರು ಕೀಲಿ ಪಡೆದ ಉತ್ಸಾಹದಲ್ಲಿ ಬೇಡದ್ದನ್ನೆಲ್ಲ ಅಳಿಸಲು ಹೋಗಿ, ಹಲಗೆಯ ಕೇಳುವ ಭಾಗವನ್ನೇ ಅಳಿಸಿಬಿಟ್ಟರು. ಅದರ ಮುಂದೆ ಕೂತು ಎರಡು ದಿನ ಬೈದರಂತೆ. ಅದಕ್ಕೆ ಕೇಳಿಸಲೇ ಇಲ್ಲ. ಹುಡ್ಕೋ ಕಾಲೊನಿಯ ಒಬ್ಬಾಕೆ ಕೀಲಿಯನ್ನು ಜೋಳದ ಡಬ್ಬಿಯಲ್ಲಿಟ್ಟು, ಡಬ್ಬಿಸಮೇತ ಬೀಗರ ಮನೆಗೆ ಕೊಟ್ಟು ಕಳಿಸಿದ್ದಳು. ಕೀಲಿ ಒಪ್ಪಿಸಿದವರ ಪಾಡು ಬೇರೆ. ತಯಾರಕರು ಬಾಗಿಲು ಮುಚ್ಚಿದ ದಿನ ಅವರ ಹಲಗೆಯೂ ಬಾಯಿ ಮುಚ್ಚುತ್ತದೆ. ಎರಡರಲ್ಲಿ ಯಾವುದು ಸರಿ ಎಂದು ದಿನಕ್ಕೆ ಹತ್ತು ಜನ ಕೇಳುತ್ತಾರೆ. ಒಳಗೆ ನಿಮಗೆ ಬೇಕಾದದ್ದು ಏನಿದೆ ಎಂದು ನಾನು ತಿರುಗಿ ಕೇಳುತ್ತೇನೆ. ಅದು ಗೊತ್ತಾದರೆ ಹೆಬ್ಬೆಟ್ಟು ಎಲ್ಲಿ ಒತ್ತಬೇಕೆಂಬುದು ಗೊತ್ತಾಗುತ್ತದೆ.

ನಿಮ್ಮ ಫೋನಿನೊಳಗೆ ಏನಿದೆ ಎಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ನಿಮ್ಮ ಯಜಮಾನರು ಫಕ್ಕೀರಜ್ಜನ ದನಿ ಇದೆ. ನಾಲ್ಕು ವರ್ಷ ಪ್ರತಿ ಮುಂಜಾನೆ ಅವರು ಲಕ್ಕುಂಡಿ ಕಡೆಯ ಹೂವಿನ ಹೊಲಗಳಿಗೆ ಹೋಗಿ, ಅಲ್ಲಿಂದ ನಿಮಗೆ ಫೋನು ಮಾಡಿ, ಇವತ್ತು ಯಾವ ಹೂವು ಎಷ್ಟು ಬುಟ್ಟಿ ಸಿಕ್ಕಿತೆಂದು ಕೂಗಿ ಹೇಳುತ್ತಿದ್ದರು. ಹೊಲದಲ್ಲಿ ಗಾಳಿ, ಜೊತೆಗೆ ಸಿಗ್ನಲ್ ಅಷ್ಟಕ್ಕಷ್ಟೆ. ನಿಮಗೆ ಓದುಬರಹ ಕಡಿಮೆ. ಗಿರಾಕಿಗಳ ಮುಂದೆ ಕೂತು ಹಾರ ಕಟ್ಟುತ್ತ ಎಲ್ಲವನ್ನೂ ನೆನಪಿಟ್ಟುಕೊಳ್ಳುವುದು ಕಷ್ಟವೆಂದು ಶಮಶಾದ್ ನಿಮ್ಮ ಫೋನಿನಲ್ಲಿ ಕರೆಗಳನ್ನು ತುಂಬಿಸಿಡುವ ಒಂದು ಆ್ಯಪ್ ಹಾಕಿಕೊಟ್ಟಿದ್ದಳು. ಬೇಕಾದಾಗ ತಿರುಗಿ ಕೇಳಿಕೊಳ್ಳುತ್ತಿದ್ದಿರಿ. ಹೀಗೆ ಸಾವಿರದ ನಾನೂರಕ್ಕೂ ಹೆಚ್ಚು ಕರೆಗಳು ಸೇರಿದವು. ಯಾವುದರಲ್ಲೂ ಹೂವಿನ ಲೆಕ್ಕ ಬಿಟ್ಟು ಬೇರೆ ಮಾತಿಲ್ಲ. ಈ ವರ್ಷ, ನಿಮ್ಮ ಈ ವರ್ಷ, ಫೆಬ್ರವರಿಯಲ್ಲಿ ಅಜ್ಜನ ಗಂಟಲು ಕಟ್ಟಿತು. ಏಪ್ರಿಲ್‌ನಲ್ಲಿ ಆ ಆ್ಯಪ್ ಮಾಡಿದವರು ಅಂಗಡಿ ಮುಚ್ಚಿದರು. ಆ್ಯಪ್ ಅಂದಿನಿಂದ ಪಾಸ್‌ವರ್ಡ್ ಕೇಳುತ್ತ ನಿಂತಿದೆ, ಕೊಟ್ಟರೆ ಪರೀಕ್ಷಿಸುವವರು ಯಾರೂ ಇಲ್ಲ. ಮೇ ತಿಂಗಳಲ್ಲಿ ಹುಬ್ಬಳ್ಳಿಯ ಡಾಕ್ಟರು ಗಂಟಲಲ್ಲಿ ಗಡ್ಡೆ ಇದೆಯೆಂದರು. ಧ್ವನಿಪೆಟ್ಟಿಗೆ ತೆಗೆಯದೆ ಜೀವ ಉಳಿಯುವುದಿಲ್ಲವೆಂದರು. ಆಪರೇಷನ್ನು ಜೂನ್ 22ಕ್ಕೆ. ನಿಮ್ಮ ಇವತ್ತಿನಿಂದ ಹನ್ನೊಂದು ದಿನ.

ಇವತ್ತು ಶಮಶಾದ್ ನಿಮಗೆ ಹೇಳುವ ಮಾತನ್ನು ನೀವು ಅಪ್ಪನಿಗೆ ಎಷ್ಟು ಸಲ ಹೇಳಿದ್ದಿರೋ, ಅವನು ಈಗಲೂ ಅವಳ ಹಾವಭಾವದ ಸಮೇತ ಒಪ್ಪಿಸುತ್ತಾನೆ. "ನೀಲಕ್ಕಾರ, ಕೇಳ್ರಿಲ್ಲೆ. ಕಾಕಾರ ದನಿ ಎಲ್ಲೂ ಹೋಗಿಲ್ಲ, ಇದರಾಗ ಐತಿ. ಆದ್ರ ಆ ಖೋಲಿ ಒಳಗ ಹೋಗಾಕ ನಮಗ ಪರವಾನಗಿ ಇಲ್ಲ. ರೂಟ್ ಮಾಡಿದ್ರ ಹೋಗಬಹುದು. ರೂಟ್ ಮಾಡಬೇಕಂದ್ರ ಮೊದಲ ಬೂಟ್‌ಲೋಡರ್ ಅಂತ ಒಂದ ಬೀಗ ತೆಗೀಬೇಕ್ರಿ. ಅದನ್ನ ತೆಗದ ಕೂಡ್ಲೆ ಫೋನು ಒಳಗಿಂದೆಲ್ಲಾ ತಾನ ಅಳಿಸಿ ಹಾಕತೈತಿ. ಕಳ್ಳರಿಗೆ ಸಿಗಬಾರದಂತ ಹಂಗ ಮಾಡ್ಯಾರ." ಅದಕ್ಕೆ ನೀವು, "ನನ್ನ ಗಂಡನ ದನಿ ನಾ ಕೇಳಾಕ ನಾ ಏನ ಕಳ್ಳಿ ಏನ?" ಎಂದು ಅವಳ ಮೇಲೇ ಹರಿಹಾಯ್ದಿರಿ. ಪಾಪ, ಬೀಗ ಮಾಡಿದವಳು ಅವಳಲ್ಲ.

ಅವಳು ಇನ್ನೊಂದು ದಾರಿಯನ್ನೂ ಹೇಳಿದಳು. "ಅಳಿಸದಂಗ ಕದ್ದ ಒಳಗ ಹೋಗೂದು ಒಂದೈತ್ರಿ. ಈ ಫೋನಿಗೆ ಎರಡ ವರ್ಷದಿಂದ ಅಪ್‌ಡೇಟ್ ಬಂದಿಲ್ಲ, ಒಂದ ಸಂದಿ ಉಳದೈತಿ. ಖರೇ ಹೇಳತೀನಿ, ಹತ್ತರಾಗ ಮೂರು ಬದುಕತಾವ. ಉಳದ ಏಳು ಮತ್ತ ಎಂದೂ ಆನ್ ಆಗಂಗಿಲ್ಲ." ನೀವು ಫೋನನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದಿರಿ. ಹೊಲಿಗೆ ಬಿಚ್ಚದೆ ಒಳಗಿನದನ್ನು ತೆಗೆಯುವ ದಾರಿ ಮುಂದೆ ಯಾರಾದರೂ ಕಂಡುಹಿಡಿದಾರು, ಆಗ ನೋಡೋಣ ಎಂದಿರಿ. ರೂಟ್ ಬೇಡವೆಂದಿರಿ. ದಿನದ ಕೆಲಸಕ್ಕೆ ಬೇರೆ ಫೋನು ಕೊಂಡಿರಿ.

ಆ ನಿರ್ಧಾರದ ಬಗ್ಗೆ ನನ್ನ ತಕರಾರಿಲ್ಲ. ನನ್ನ ಮೇಜಿನ ಮುಂದೆ ಬಂದು ನಿಂತಿದ್ದರೆ ನಾನೂ ನಿಮಗೆ ಅದನ್ನೇ ಹೇಳುತ್ತಿದ್ದೆ. ಹತ್ತರಲ್ಲಿ ಮೂರು ಎಂಬುದು ಕೈಯಲ್ಲಿರುವುದನ್ನು ಪಣಕ್ಕಿಡುವಂಥ ಲೆಕ್ಕವಲ್ಲ. ಆದರೆ ಅಂಗಡಿಯಿಂದ ಹೊರಡುವಾಗ ಶಮಶಾದ್ ಇನ್ನೊಂದು ಮಾತು ಹೇಳಿದಳು. ಹೊಸ ಫೋನಿನಲ್ಲಿ ಕಾಕಾರ ಈಗಿನ ದನಿಯನ್ನಾದರೂ ತುಂಬಿಸಿಕೊಳ್ಳಿ, ಅದಕ್ಕೆ ಯಾವ ಬೀಗವೂ ಇಲ್ಲ ಎಂದಳು. ನೀವು, "ಆ ಒಡಕು ದನಿ ಯಾಕ ಬೇಕವ್ವಾ, ಅದು ಅವರ ದನಿನ ಅಲ್ಲ" ಅಂದು ಮೆಟ್ಟಿಲು ಇಳಿದಿರಿ. ಆ ಮಾತನ್ನು ಇಲ್ಲಿ ಬರೆದಿಟ್ಟಿದ್ದೇನೆ, ಆಮೇಲೆ ಅದಕ್ಕೆ ಬರುತ್ತೇನೆ.

ಈಗ ನನಗೆ ಸಿಟ್ಟು ಬರುವ ವಿಷಯ. ಹಳೆಯ ಫೋನನ್ನು ಬಿಸಿಯಲ್ಲಿ ಇಡಬೇಡಿ, ತಣ್ಣಗೆ ಇಡಿ ಎಂದು ಶಮಶಾದ್ ಹೇಳಿ ಕಳಿಸಿದ್ದಳು. ಹೂವು ಮಾರುವವರ ಮನೆಯಲ್ಲಿ ತಣ್ಣಗೆ ಇಡುವುದು ಎಂದರೆ ಒಂದೇ ಅರ್ಥ. ನೀವು ಫೋನನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಬಾಳೆ ಎಲೆಯಲ್ಲಿ ಸುತ್ತಿ, ಅದರ ಮೇಲೆ ಒದ್ದೆ ಬಟ್ಟೆ ಸುತ್ತಿ ಬಿದಿರು ಬುಟ್ಟಿಯಲ್ಲಿ ಇಟ್ಟಿರಿ. ಬಟ್ಟೆ ಒಣಗಿದಾಗಲೆಲ್ಲ ಮಲ್ಲಿಗೆ ಮೊಗ್ಗಿಗೆ ಚಿಮುಕಿಸಿದ ಹಾಗೆ ನೀರು ಚಿಮುಕಿಸಿದಿರಿ. ಬೇಸಿಗೆಯಲ್ಲಿ ದಿನಕ್ಕೆ ಎರಡು ಸಲ. ಹೀಗೆ ಒಂದು ವರ್ಷವಲ್ಲ, ಎರಡು ವರ್ಷವಲ್ಲ, ಅಪ್ಪನ ನೆನಪಿನಲ್ಲೇ ಹತ್ತು ವರ್ಷ. ಮನೆಯವರು ಯಾರೂ ಬೇಡ ಅನ್ನಲಿಲ್ಲ. ಅವರೂ ಹೂವಿನವರೇ, ಅವರಿಗೂ ಅದು ಸರಿಯೇ ಅನಿಸಿತು. ಜೋಪಾನ ಮಾಡಿದ್ದರಿಂದಲೇ ಅದು ತುಕ್ಕು ಹಿಡಿಯಿತು ಎಂದು ನಮ್ಮ ತಂತ್ರಜ್ಞೆ ಹೇಳಿದಾಗ ನಾನು ನಕ್ಕೆ, ಆಮೇಲೆ ಹೊರಗೆ ಹೋಗಿ ಸ್ವಲ್ಪ ಹೊತ್ತು ಅತ್ತೆ.

ಅಪ್ಪನ ವಿಷಯ ಹೇಳಬೇಕು, ಯಾಕೆಂದರೆ ಈ ಬೀಗ ತೆಗೆಯುತ್ತಿರುವುದೇ ಅವನಿಗಾಗಿ. ಅವನು ಹುಟ್ಟುವ ನಾಲ್ಕು ವರ್ಷ ಮೊದಲೇ ಫಕ್ಕೀರಜ್ಜ ತೀರಿಹೋಗಿದ್ದರು. ಆಪರೇಷನ್ ಆದಮೇಲೆ ಅವರು ಐದು ವರ್ಷ ಬದುಕಿದರು, ಪಾಟಿಯ ಮೇಲೆ ಬರೆದು, ಕೈ ತಟ್ಟಿ ಕರೆದು. ಅಪ್ಪನಿಗೆ ಐದಾರು ವರ್ಷವಾದಾಗ ನೀವು ಪ್ರತಿ ಮುಂಜಾನೆ ಅವನನ್ನು ತಲೆಬಾಗಿಲಲ್ಲಿ ನಿಲ್ಲಿಸಿ, ನೀವು ಒಳಗೆ ಕಣ್ಣು ಮುಚ್ಚಿ ಕೂತು, ಹೂವಿನ ಹೆಸರು ಕೂಗಲು ಹೇಳುತ್ತಿದ್ದಿರಿ. ಸೇವಂತಿಗಿ, ಕಾಕಡಾ, ಸುಗಂಧರಾಜ, ಗುಲಾಬಿ. ಕೊನೆಗೆ "ಕೇಳಸ್ತೈತೇನು?" ಎಂದು ಕೇಳಲೇಬೇಕು, ಅದನ್ನು ಮರೆತರೆ ಮತ್ತೆ ಮೊದಲಿಂದ. ಆಮೇಲೆ ನೀವು ಕಣ್ಣು ತೆರೆದು, "ಥೇಟ್ ಅವರದ ದನಿ" ಎಂದು ಅವನ ಬಾಯಿಗೆ ಬೆಲ್ಲದ ಚೂರು ಹಾಕುತ್ತಿದ್ದಿರಿ. ಅವನಿಗೆ ಹದಿಮೂರಾದಾಗ ಒಂದು ದಿನ ಕೂಗಿ ಮುಗಿಸಿದ ಮೇಲೆ ನೀವು ಕಣ್ಣು ತೆರೆಯಲೇ ಇಲ್ಲ. "ಸಾಕ ಬಿಡು" ಅಂದಿರಿ. ಮರುದಿನದಿಂದ ಕರೆಯಲಿಲ್ಲ. ಅವನು ನಾಲ್ಕು ದಿನ ತಾನಾಗಿ ಬಾಗಿಲಲ್ಲಿ ಹೋಗಿ ನಿಂತನಂತೆ. ನೀವು ಒಳಗೆ ಹಾರ ಕಟ್ಟುತ್ತಲೇ ಇದ್ದಿರಿ.

ಎಪ್ಪತ್ತೆಂಟು ವರ್ಷವಾಯಿತು, ಅವನಿಗೆ ಅದು ಮರೆತಿಲ್ಲ. ತಾನೇನು ತಪ್ಪು ಮಾಡಿದೆ ಎಂದು ನಿಮ್ಮನ್ನು ಕೇಳುವ ಧೈರ್ಯ ಅವನಿಗೆ ಬರಲಿಲ್ಲ. ನೀವು ಹೋದಮೇಲೆ ಕೇಳಲು ಯಾರೂ ಉಳಿಯಲಿಲ್ಲ. ಅವನ ದನಿ ಈಗ ಖಾಲಿ ಕೊಡದೊಳಗೆ ಮಾತಾಡಿದ ಹಾಗೆ ಭಾರ. "ಆಯಿ ನನ್ನ ಮನಸಿಗೆ ಸಮಾಧಾನ ಆಗ್ಲಿ ಅಂತ ಹಂಗ ಅಂತಿದ್ಲೋ, ಖರೇನ ನಂದ ದನಿ ಹಂಗಿತ್ತೋ, ಒಮ್ಮೆ ಕೇಳಿ ಹೋಗತೀನಿ," ಎಂದು ಈ ಸಂಕ್ರಾಂತಿಯ ಊಟದ ಮುಂದೆ ಹೇಳಿದ. ಅವನು ಏನನ್ನೂ ಬೇಡುವವನಲ್ಲ. ಆದ್ದರಿಂದ ನಾನು ಮರುದಿನವೇ ಅರ್ಜಿ ಹಾಕಿದೆ.

ನಮ್ಮಲ್ಲಿ ತಣ್ಣನೆಯ ಓದು ಎಂಬ ಒಂದು ವಿಧಾನವಿದೆ. ಫೋನಿನ ನೆನಪಿನ ಚಿಪ್ಪನ್ನು ಮಂಜಿಗಿಂತ ಎಷ್ಟೋ ಪಾಲು ತಣ್ಣಗೆ ಮಾಡಿ, ಬೀಗವನ್ನು ಮುಟ್ಟದೆ ಒಂದೊಂದೇ ಕಣ ಓದುತ್ತಾರೆ. ನಿಮ್ಮ ಕಾಲದ ಗೂಢಲಿಪಿಯನ್ನು ಬಿಡಿಸಲು ಆಮೇಲೆ ಅರ್ಧ ಗಂಟೆ ಸಾಕು. ಅಂದರೆ ನೀವು ಕಾದಿದ್ದ ದಾರಿ ಬಂದಿದೆ, ಹೊಲಿಗೆ ಬಿಚ್ಚದೆ ಒಳಗಿನದನ್ನು ತೆಗೆಯುವುದು. ಒಂದೇ ತೊಂದರೆ, ಒಮ್ಮೆ ಓದಿದ ಚಿಪ್ಪು ಪುಡಿಯಾಗುತ್ತದೆ, ಎರಡನೆಯ ಓದು ಇಲ್ಲ. ಇಷ್ಟು ತುಕ್ಕಿನಲ್ಲಿ ಏನಾದರೂ ಸಿಗುವ ಸಂಭವ ಹತ್ತರಲ್ಲಿ ಎರಡು ಎಂದು ತಂತ್ರಜ್ಞೆ ಬರೆದುಕೊಟ್ಟಿದ್ದಾಳೆ. ನೂರು ವರ್ಷ ಕಾದು ನಾವು ಹತ್ತರಲ್ಲಿ ಮೂರರಿಂದ ಹತ್ತರಲ್ಲಿ ಎರಡಕ್ಕೆ ಇಳಿದಿದ್ದೇವೆ.

ನನ್ನ ತಮ್ಮ ನಿರಂಜನ ಇದಕ್ಕೆ ಒಪ್ಪುತ್ತಿಲ್ಲ. ಇನ್ನೊಂದು ಇಪ್ಪತ್ತು ವರ್ಷ ತಡೆದರೆ ಇದಕ್ಕಿಂತ ಒಳ್ಳೆಯ ವಿಧಾನ ಬಂದೇ ಬರುತ್ತದೆ, ಸಾವಿರದ ನಾನೂರು ಕರೆಯೂ ಸಿಕ್ಕಾವು, ಈಗ ಆತುರಪಟ್ಟು ಎಲ್ಲ ಕಳೆದರೆ ಮುಂದಿನವರು ನಮಗೆ ಉಗಿಯುತ್ತಾರೆ ಎನ್ನುತ್ತಾನೆ. ಅವನ ಮಾತು ತಪ್ಪಲ್ಲ. ಆದರೆ ನೀವು ಶಮಶಾದಳ ಅಂಗಡಿಯಲ್ಲಿ ಆಡಿದ ಮಾತೂ ಅದೇ. "ಅಪ್ಪಗ ಇಪ್ಪತ್ತ ವರ್ಷ ಎಲ್ಲಿಂದ ತರ್ತಿಯೋ?" ಎಂದು ಕೇಳಿದೆ. ಅವನು ಎದ್ದುಹೋದ. ಸಾಕ್ಷಿಯಾಗಿ ಬರಲು ಮಾತ್ರ ಒಪ್ಪಿದ್ದಾನೆ. ಈ ಪತ್ರ ಓದುವಾಗ ನನ್ನ ಎಡಕ್ಕೆ ಮುಖ ಊದಿಸಿಕೊಂಡು ಕೂತಿರುವವನು ಅವನೇ.

ಆದ್ದರಿಂದ ಆಯಿ, ನಿಯಮದ ಪ್ರಕಾರ ಕೇಳುತ್ತಿದ್ದೇನೆ. ನೀವು ಬೇಡವೆಂದ ಬೀಗವನ್ನು ನಾವು ತೆಗೆಯಲು ಹೊರಟಿದ್ದೇವೆ. ಏನೂ ಸಿಗದೆಯೂ ಹೋಗಬಹುದು. ಹಾಗಾದರೆ ನೀವು ಬದುಕಿರುವವರೆಗೆ ನೀರು ಚಿಮುಕಿಸಿ ಕಾಪಾಡಿದ್ದನ್ನು ಒಂದು ಮುಂಜಾನೆಯಲ್ಲಿ ಮುಗಿಸಿದವಳು ನಾನಾಗುತ್ತೇನೆ. ಬೇಡವೆನ್ನುವುದಿದ್ದರೆ ಮೂರು ದಿನದೊಳಗೆ ಹೇಗಾದರೂ ತಿಳಿಸಬೇಕು.

ನಿಮ್ಮ ಮರಿಮೊಮ್ಮಗಳು,
ಇರುವಂತಿ

ಮಾರ್ಚ್ 3, ಮುಂಜಾನೆ ಒಂಬತ್ತು ಗಂಟೆ. ಮೇಲಿನ ಪತ್ರಕ್ಕೆ ಸೇರಿಸಿದ್ದು.

ಉತ್ತರ ಬರಲಿಲ್ಲ. ಇಂದು ಐದಕ್ಕೆ ಕಚೇರಿ ತೆರೆದ ಕೂಡಲೇ ಓದು ಶುರುವಾಯಿತು. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ಒಂದು ತಾಸಿನಲ್ಲಿ ಚಿಪ್ಪು ಪುಡಿಯಾಯಿತು. ಎರಡು ತಾಸು ಏನೂ ಇಲ್ಲ, ಬರೀ ಕರಕರ ಸದ್ದು. ನಿರಂಜನ ನನ್ನ ಕಡೆ ನೋಡಲಿಲ್ಲ, ಅದು ಅವನ ದೊಡ್ಡ ಗುಣ. ಎಂಟು ಗಂಟೆಗೆ ತಂತ್ರಜ್ಞೆ ಕೈ ಎತ್ತಿ ಎಲ್ಲರಿಗೂ ಸುಮ್ಮನಿರಲು ಹೇಳಿದಳು. ಸಾವಿರದ ನಾನೂರು ಕರೆಗಳಲ್ಲಿ ಒಂದರ ತುಣುಕು ಸಿಕ್ಕಿತ್ತು. ಒಂಬತ್ತು ಸೆಕೆಂಡು. ಅದರಲ್ಲಿರುವುದನ್ನೆಲ್ಲ ಇಲ್ಲಿ ಬರೆಯುತ್ತೇನೆ.

"…ಸೇವಂತಿಗಿ ಎರಡ ಬುಟ್ಟಿ, ಕಾಕಡಾ ಒಂದ. ಕೇಳಸ್ತೈತೇನು?"

"ಕೇಳಸ್ತೈತ್ರಿ, ಎಷ್ಟ ಒದರತೀರಿ! ಬಾಜೂ ಅಂಗಡಿಯವರಿಗೂ ಕೇಳಸ್ತೈತಿ."

"ಕೇಳಸ್ತೈತಂದ್ರ ಚಲೋ ಆತು."

ಎರಡನೆಯ ದನಿ ನಿಮ್ಮದು, ಅದನ್ನು ಅಪ್ಪ ತಕ್ಷಣ ಗುರುತಿಸಿದ. ಮೊದಲನೆಯದನ್ನು ಕೇಳಿ ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಾವು ಇಷ್ಟು ವರ್ಷ ಅಪ್ಪನ ಭಾರದ ದನಿಯನ್ನೇ ಫಕ್ಕೀರಜ್ಜನಿಗೂ ಕೊಟ್ಟು ಕಲ್ಪಿಸಿಕೊಂಡಿದ್ದೆವು. ಇದು ಸಣ್ಣ ದನಿ. ತೆಳ್ಳಗೆ, ಏರುದನಿ, ಗೊತ್ತಿಲ್ಲದವರು ಕೇಳಿದರೆ ಹತ್ತು ವರ್ಷದ ಹುಡುಗ ಕೂಗುತ್ತಿದ್ದಾನೆ ಅನ್ನಬೇಕು. ಅಪ್ಪನ ದನಿಗೂ ಇದಕ್ಕೂ ಹೋಲಿಕೆಯೇ ಇರಲಿಲ್ಲ. ಅಪ್ಪ ಮತ್ತೆ ಹಾಕು ಎಂದ. ಮೂರು ಸಲ ಕೇಳಿದ. ಮೂರನೆಯ ಸಲ ಅವನು ನಗುತ್ತಿದ್ದ.

"ಥೇಟ್ ನಂದ," ಎಂದ. "ಸಣ್ಣವಿದ್ದಾಗ ನಂದ ದನಿ ಹಿಂಗ ಇತ್ತು." ಆಮೇಲೆ, "ನಾ ಏನೂ ತಪ್ಪ ಮಾಡಿರಲಿಲ್ಲ, ಇರುವಂತಿ. ನನ್ನ ದನಿ ಒಡೀತು, ಅಷ್ಟ," ಎಂದ.

ನಮಗೆ ಆಗ ತಿಳಿಯಿತು. ಹದಿಮೂರನೆಯ ವರ್ಷದಲ್ಲಿ ಎಲ್ಲ ಹುಡುಗರ ದನಿ ಒಡೆಯುವ ಹಾಗೆ ಅವನದೂ ಒಡೆದಿತ್ತು. ಆ ಮುಂಜಾನೆ ಬಾಗಿಲಲ್ಲಿ ನಿಂತು ಕೂಗಿದವನ ಗಂಟಲಿಂದ ಬೇರೆ ಯಾರದೋ ದನಿ ಬಂತು. ಆಸ್ಪತ್ರೆಯಲ್ಲಿ ಒಮ್ಮೆ ಕಳೆದುಕೊಂಡದ್ದನ್ನು ನೀವು ಮನೆಯಲ್ಲಿ ಎರಡನೆಯ ಸಲ ಕಳೆದುಕೊಂಡಿರಿ. ಕಣ್ಣು ತೆರೆಯದೆ ಕೂತದ್ದು ಅದಕ್ಕೆ. ಅವನ ಮೇಲೆ ನಿಮಗೆ ಯಾವ ಸಿಟ್ಟೂ ಇರಲಿಲ್ಲ. ಅವನಿಗೆ ಅದನ್ನೊಂದು ಮಾತು ಹೇಳಿದ್ದರೆ ಎಪ್ಪತ್ತೆಂಟು ವರ್ಷದ ಭಾರ ಇಳಿಯುತ್ತಿತ್ತು. ಹೇಳಲಿಲ್ಲವಲ್ಲ ಎಂದು ನಿಮ್ಮ ಮೇಲೆ ನನಗೆ ಇವತ್ತು ಬಹಳ ಸಿಟ್ಟು ಬಂತು. ಬಹಳ ಪ್ರೀತಿಯೂ ಬಂತು. ಎರಡನ್ನೂ ಬರೆದಿಡುತ್ತಿದ್ದೇನೆ.

ಚಿಪ್ಪು ಹೋಯಿತು. ಉಳಿದ ಕರೆಗಳೆಲ್ಲ ಅದರ ಜೊತೆ ಹೋದವು. ಇನ್ನಿಪ್ಪತ್ತು ವರ್ಷಕ್ಕೆ ಒಳ್ಳೆಯ ವಿಧಾನ ಬಂದರೆ ಅದಕ್ಕೆ ಓದಲು ಏನೂ ಇಲ್ಲ. ನಿರಂಜನ ಹೊರಗೆ ಚಹಾ ಹೇಳಿ ಬಂದ. ಅಪ್ಪ ನನ್ನ ಕೈಹಲಗೆ ಕೇಳಿ ಇಸಿದುಕೊಂಡ. ಕಚೇರಿಯ ಬಾಗಿಲ ಬಳಿ ಹೋಗಿ ನಿಂತು, ಈಗಿನ ತನ್ನ ಭಾರದ, ನಡುನಡುವೆ ಕೆಮ್ಮು ಬರುವ ದನಿಯಲ್ಲಿ, ಸೇವಂತಿಗಿ, ಕಾಕಡಾ, ಸುಗಂಧರಾಜ, ಗುಲಾಬಿ ಎಂದು ಗಟ್ಟಿಯಾಗಿ ಕೂಗಿದ. ಸಾಲಿನಲ್ಲಿ ನಿಂತಿದ್ದವರೆಲ್ಲ ತಿರುಗಿ ನೋಡಿದರು. "ಇದನ್ನ ಇಟಗೋ. ಬೀಗ ಹಾಕಬ್ಯಾಡ," ಎಂದು ಹಲಗೆಯನ್ನು ನನ್ನ ಕೈಗೆ ಕೊಟ್ಟ. ಅದನ್ನು ಯಾರು ಬೇಕಾದರೂ ಕೇಳಬಹುದಾದ ಜಾಗದಲ್ಲಿ ಇಟ್ಟಿದ್ದೇನೆ.

ಒಪ್ಪಿಗೆ ಪತ್ರದ ಕೊನೆಯಲ್ಲಿ ಒಂದು ಬೇಡಿಕೆ ಇಡಲು ನಮಗೆ ಅವಕಾಶವಿದೆ. ಈಡೇರುವುದಿಲ್ಲವೆಂದು ಎಲ್ಲರಿಗೂ ಗೊತ್ತಿರುವುದರಿಂದ ಹೆಚ್ಚಿನವರು ಖಾಲಿ ಬಿಡುತ್ತಾರೆ. ನಾನು ಬಿಡುವುದಿಲ್ಲ. ನಿಮಗೆ ಇಂದು ಜೂನ್ ಹನ್ನೊಂದು. ಫೋನನ್ನು ರೂಟ್ ಮಾಡಿಸಿ ಎಂದು ನಾನು ಹೇಳುವುದಿಲ್ಲ, ಬೇಡವೆಂದೂ ಹೇಳುವುದಿಲ್ಲ. ಅದು ಹತ್ತರಲ್ಲಿ ಮೂರರ ಮಾತು, ನಿಮಗೆ ತಿಳಿದಂತೆ ಮಾಡಿ. ಬುಟ್ಟಿಯಲ್ಲಿ ಇಡುವುದಾದರೆ ದಯವಿಟ್ಟು ಒಣ ಬಟ್ಟೆಯಲ್ಲಿ ಸುತ್ತಿ. ಆದರೆ ಶಮಶಾದಳ ಕೊನೆಯ ಮಾತನ್ನು ಕೇಳದೆ ಮೆಟ್ಟಿಲು ಇಳಿಯಬೇಡಿ. ಹನ್ನೊಂದು ದಿನ ಇದೆ. ಮನೆಗೆ ಹೋಗಿ ಅಜ್ಜನ ಮುಂದೆ ಹೊಸ ಫೋನು ಹಿಡಿಯಿರಿ. ನಾಚಿಕೊಂಡು ಬೇಡವೆನ್ನುತ್ತಾರೆ, ಬೈದಾದರೂ ಕೂಗಿಸಿ. ಒಡಕು ದನಿಯಾದರೂ ಅದು ಅವರದೇ. ನಾಲ್ಕು ಹೂವಿನ ಹೆಸರು ಸಾಕು, ಕೊನೆಗೆ ಕೇಳಸ್ತೈತೇನು ಎಂದು ಕೇಳಲಿ.

ನಮಗೆ ಕೇಳಿಸುತ್ತದೆ.